ರಿಮೋಟ್ ಅತ್ತೆಯ ಕೈಯಲ್ಲಿದ್ದರೆ ಯಾವ ಗೇಮ್ ಕನ್ಸೋಲ್ ತರಬೇಕು?

ಪ್ರಶ್ನೆ: ನಾವು ಡೊಂಬಿವಲಿ ಪೂರ್ವದಲ್ಲಿ ಒನ್ ಬಿಎಚ್‌ಕೆ ಮನೆಯಲ್ಲಿದ್ದೇವೆ. ನಾನು, ಯಜಮಾನರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗ, ನಾಲ್ಕನೇ ಕ್ಲಾಸಿನ ಮಗಳು. ಮಗನಿಗೆ ಗೇಮ್ ಕನ್ಸೋಲ್ ಬೇಕಂತೆ. ಒಂದು ದಿನ ನಿಂಟೆಂಡೊ ಸ್ವಿಚ್ 2 ಅಂತಾನೆ, ಮರುದಿನ ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಅಂತಾನೆ. ಈಗ ಕೈಯಲ್ಲಿ ಹಿಡಿದು ಆಡುವ ಎಕ್ಸ್‌ಬಾಕ್ಸ್ ಬಂದಿದೆ, ಅದೇ ಬೇಕು ಅಂತ ಹಟ. ಸ್ಟೀಮ್ ಮಶಿನ್ ಅಂತ ಹೊಸದೊಂದು ಬರುತ್ತದೆ, ಬೇಕಾದರೆ ಕಾಯೋಣ ಅಂತಲೂ ಹೇಳ್ತಾನೆ. ನಮ್ಮ ಲೆಕ್ಕ 50 ಸಾವಿರ, ಹೆಚ್ಚೆಂದರೆ 5 ಸಾವಿರ ಮೇಲೆ. ಮನೆಯಲ್ಲಿ ಇರುವುದು ಒಂದೇ ಟಿವಿ. ಸಂಜೆ 7ರಿಂದ 10ರವರೆಗೆ ಅತ್ತೆಯ ಧಾರಾವಾಹಿ. ಮೇ ರಜೆಯಲ್ಲಿ ಮತ್ಸ್ಯಗಂಧ ರೈಲಿನಲ್ಲಿ ಉಡುಪಿಗೆ ಹೋಗುತ್ತೇವೆ. ಭಾವನ ಮಗ ದುಬೈಯಲ್ಲಿದ್ದಾನೆ. ಏಪ್ರಿಲ್‌ನಲ್ಲಿ ಬರುವಾಗ ತಂದು ಕೊಡ್ತೇನೆ ಅಂದಿದ್ದಾನೆ. ಯಾವುದು ತರಿಸೋದು?

ಉತ್ತರ: ಅಕ್ಕ, ನಿಮ್ಮ ಪತ್ರದಲ್ಲಿ ಅರ್ಧ ಉತ್ತರ ನೀವೇ ಬರೆದಿದ್ದೀರಿ. ಒಂದೇ ಟಿವಿ, 7ರಿಂದ 10ರವರೆಗೆ ಅತ್ತೆಯದ್ದು. ಮಗ ಶಾಲೆ, ಕ್ಲಾಸ್ ಎಲ್ಲ ಮುಗಿಸಿ ಮನೆಗೆ ಬರುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ ಅಲ್ವಾ? ಹಾಗಿರುವಾಗ ಟಿವಿಗೆ ಕಟ್ಟಿಹಾಕಿದ ಕನ್ಸೋಲ್ ತಂದರೆ ವಾರದಲ್ಲಿ ಐದು ದಿನ ಅದರ ಮೇಲೆ ಧೂಳು ಕೂರುತ್ತದೆ, ಇಲ್ಲವಾದರೆ ಮನೆಯಲ್ಲಿ ಜಗಳ. ಥಾಣೆಯಲ್ಲಿ ನನ್ನದೊಂದು ಸಣ್ಣ ರಿಪೇರಿ ಬೆಂಚು ಇದೆ. ಕನ್ಸೋಲ್ ಯಾವುದು ತಗೊಳ್ಳೋದು ಅಂತ ಕೇಳಿಕೊಂಡು ಬಂದವರಿಗೆ ನಾನು ಮೊದಲು ಕೇಳುವುದು ಪ್ರೊಸೆಸರ್ ಬಗ್ಗೆ ಅಲ್ಲ. ರಿಮೋಟ್ ಯಾರ ಕೈಯಲ್ಲಿರುತ್ತೆ ಅಂತ.

ನಿಮ್ಮ ಮಗರಾಯ ಹೇಳಿದ ಹೆಸರುಗಳಲ್ಲಿ ಅತಿ ಹೆಚ್ಚು ಗೊಂದಲ ಮಾಡುವುದು ಆ ಕೈಯಲ್ಲಿ ಹಿಡಿಯುವ ಎಕ್ಸ್‌ಬಾಕ್ಸ್. ಅದನ್ನು ಮೊದಲು ಬಿಡಿಸೋಣ.

ಅದರ ಪೂರ್ತಿ ಹೆಸರು ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ. ಮಾಡಿದ್ದು ಏಸಸ್ ಕಂಪನಿ, ಮೈಕ್ರೋಸಾಫ್ಟ್ ಜೊತೆ ಸೇರಿ. 2025ರ ಜೂನ್‌ನಲ್ಲಿ ಘೋಷಿಸಿದರು, ಅಕ್ಟೋಬರ್ 16ಕ್ಕೆ ಮಾರಾಟಕ್ಕೆ ಬಂತು. ಎರಡು ಬಗೆ ಇದೆ. ಬಿಳಿ ಬಣ್ಣದ್ದು ಬರೀ ಅಲೈ, ಕಪ್ಪಿನದು ಅಲೈ ಎಕ್ಸ್. ಹೆಸರಿನಲ್ಲಿ ಎಕ್ಸ್‌ಬಾಕ್ಸ್ ಇದೆ, ಎಕ್ಸ್‌ಬಾಕ್ಸ್ ಗುಂಡಿ ಇದೆ, ಹಿಡಿಕೆಯೂ ಎಕ್ಸ್‌ಬಾಕ್ಸ್ ಕಂಟ್ರೋಲರ್ ಥರವೇ ಇದೆ. ಆದರೆ ಒಳಗೆ ಇರುವುದು ವಿಂಡೋಸ್ 11. ಅಂದರೆ ಅದು ಕನ್ಸೋಲ್ ಅಲ್ಲ, ಏಳು ಇಂಚಿನ ಪರದೆಗೆ ಎರಡು ಕಡೆ ಹಿಡಿಕೆ ಇಟ್ಟ ಕಂಪ್ಯೂಟರ್. ಟಿವಿಗೆ ಹಾಕುವ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ಡಿಸ್ಕ್ ಇದಕ್ಕೆ ಹಾಕಲು ಜಾಗವೇ ಇಲ್ಲ. ಕನ್ಸೋಲ್‌ಗೆ ಮಾತ್ರ ಬಂದ ಆಟ ಇದರೊಳಗೆ ನೇರವಾಗಿ ಓಡುವುದೂ ಇಲ್ಲ. ಪಿಸಿಗೂ ಬಂದಿರುವ ಆಟ ಓಡುತ್ತದೆ. ಎಕ್ಸ್‌ಬಾಕ್ಸ್ ಪ್ಲೇ ಎನಿವೇರ್ ಅಂತ ಗುರುತು ಇರುವ ಆಟವನ್ನು ಒಂದು ಸಲ ಕೊಂಡರೆ ಎರಡೂ ಕಡೆ ಆಡಬಹುದು. ಉಳಿದದ್ದೆಲ್ಲ ಇಂಟರ್ನೆಟ್ ಮೂಲಕ ಬೇರೆಡೆಯಿಂದ ಚಿತ್ರ ತರಿಸಿಕೊಂಡು ಆಡುವ ವ್ಯವಸ್ಥೆ.

ಇದು ಕೆಟ್ಟ ಸಾಧನ ಅಂತ ಹೇಳ್ತಿಲ್ಲ. ಕಂಪ್ಯೂಟರ್ ಆಗಿರುವುದೇ ಅದರ ದೊಡ್ಡ ಲಾಭ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಆಟದ ಬೆಲೆ ರೂಪಾಯಿಯಲ್ಲೇ ಇದೆ. ವರ್ಷಕ್ಕೆ ಕೆಲವು ಸಲ ದೊಡ್ಡ ಸೇಲ್ ಹಾಕುತ್ತಾರೆ. ಎಪಿಕ್ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯವರು ವಾರವಾರ ಪುಕ್ಕಟೆ ಆಟ ಕೊಡುತ್ತಾರೆ. ಐದು ವರ್ಷದ ಒಟ್ಟು ಖರ್ಚು ಲೆಕ್ಕ ಹಾಕಿದರೆ ಆಟಗಳ ಮಟ್ಟಿಗೆ ಇದಕ್ಕಿಂತ ಅಗ್ಗ ಇಲ್ಲ. ಮಗ ಇನ್ನೊಂದು ವಾದವನ್ನೂ ತರಬಹುದು, ಸಿದ್ಧವಾಗಿರಿ: "ಅಮ್ಮಾ, ಇದರಲ್ಲಿ ಓದಲೂ ಆಗುತ್ತೆ." ಸುಳ್ಳಲ್ಲ. ಕೀಬೋರ್ಡ್, ಮೌಸ್, ಮಾನಿಟರ್ ಜೋಡಿಸಿದರೆ ಪ್ರಾಜೆಕ್ಟ್ ಟೈಪ್ ಮಾಡಬಹುದು. ಜೋಡಿಸುತ್ತಾನಾ ಅನ್ನೋದು ನಿಮಗೇ ಗೊತ್ತು.

ತೊಂದರೆ ಎಲ್ಲಿ ಅಂದರೆ ಬೆಲೆ ಮತ್ತು ಬ್ಯಾಟರಿಯಲ್ಲಿ. ನಮ್ಮಲ್ಲಿ ಬಿಡುಗಡೆಯಾದಾಗ ಬಿಳಿಯದಕ್ಕೆ 69,990 ರೂಪಾಯಿ, ಕಪ್ಪಿನದಕ್ಕೆ 1,14,990. ನಿಮ್ಮ ಲೆಕ್ಕ ಅಲ್ಲಿಗೇ ಮೀರಿತು. ಬ್ಯಾಟರಿ ವಿಷಯಕ್ಕೆ ಒಂದು ಸುಲಭದ ಭಾಗಾಕಾರ ಹೇಳಿಕೊಡ್ತೇನೆ, ಯಾವ ಸಾಧನಕ್ಕೂ ಆಗುತ್ತದೆ. ಬ್ಯಾಟರಿ ಎಷ್ಟು ವ್ಯಾಟ್ ಅವರ್ ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಆಡುವಾಗ ಯಂತ್ರ ಎಷ್ಟು ವ್ಯಾಟ್ ತಿನ್ನುತ್ತದೋ ಅದರಿಂದ ಭಾಗಿಸಿ. ಬಿಳಿ ಅಲೈಗೆ 60 ವ್ಯಾಟ್ ಅವರ್ ಬ್ಯಾಟರಿ. ಭಾರದ ಆಟ ಆಡುವಾಗ ಪ್ರೊಸೆಸರ್, ಪರದೆ, ಫ್ಯಾನ್ ಎಲ್ಲ ಸೇರಿ 25 ವ್ಯಾಟ್ ಹೋಯಿತು ಅಂದುಕೊಳ್ಳಿ. 60ನ್ನು 25ರಿಂದ ಭಾಗಿಸಿದರೆ ಎರಡೂ ಕಾಲು ಗಂಟೆ ಚಿಲ್ಲರೆ. ಥಾಣೆಯಲ್ಲಿ ರೈಲು ಹತ್ತಿ ಶುರು ಮಾಡಿದರೆ ರತ್ನಾಗಿರಿ ಬರುವ ಮೊದಲೇ ಪರದೆ ಕಪ್ಪು. ಅಲೈ ಎಕ್ಸ್‌ಗೆ 80 ವ್ಯಾಟ್ ಅವರ್ ಇದೆ, ಆದರೆ ಅದರ ಪ್ರೊಸೆಸರ್‌ನ ಹಸಿವೂ ಜಾಸ್ತಿ.

ಈ ಕೈ ಕಂಪ್ಯೂಟರ್ ಜಾತಿಯಲ್ಲೇ ಇನ್ನೂ ಕೆಲವು ಇವೆ. ಲೆನೊವೊದವರ ಲೀಜನ್ ಗೋ 2 ಬಂದಿದೆ, 8.8 ಇಂಚಿನ ಓಲೆಡ್ ಪರದೆ. ನೋಡಲು ಕಣ್ಣಿಗೆ ಹಬ್ಬ. ತೂಕ ಮಾತ್ರ 920 ಗ್ರಾಂ, ಅಂದರೆ ಒಂದು ಕಿಲೋ ಸಕ್ಕರೆ ಪ್ಯಾಕೆಟ್ ಎತ್ತಿ ಹಿಡಿದ ಹಾಗೆ. ಬೆಲೆ ಅಮೆರಿಕದಲ್ಲೇ ಸಾವಿರ ಡಾಲರ್ ದಾಟಿದೆ. ಇದು ನಿಮಗಲ್ಲ. ಸ್ಟೀಮ್ ಅಂಗಡಿ ನಡೆಸುವ ವಾಲ್ವ್ ಕಂಪನಿಯವರ ಸ್ಟೀಮ್ ಡೆಕ್ ಓಲೆಡ್ 2023ರ ನವೆಂಬರ್‌ನದು, ಹಳೆಯದಾದರೂ ನನಗೆ ಇಷ್ಟ. ಪರದೆಯ ರೆಸಲ್ಯೂಷನ್ ಕಡಿಮೆ ಇಟ್ಟಿದ್ದರಿಂದ 50 ವ್ಯಾಟ್ ಅವರ್‌ನಲ್ಲೇ ಚೆನ್ನಾಗಿ ಬಾಳುತ್ತದೆ. ಆದರೆ ಅದನ್ನು ವಾಲ್ವ್ ನಮ್ಮ ದೇಶದಲ್ಲಿ ಮಾರುವುದಿಲ್ಲ. ಇನ್ನೊಂದು ವಿಷಯ: ಅದರೊಳಗೆ ವಿಂಡೋಸ್ ಇಲ್ಲ, ವಾಲ್ವ್‌ನದೇ ಸ್ಟೀಮ್‌ಓಎಸ್ ಇದೆ. ಫೋರ್ಟ್‌ನೈಟ್, ವ್ಯಾಲರಂಟ್ ಥರದ ಆಟಗಳ ಕಳ್ಳಾಟ ಹಿಡಿಯುವ ಸಾಫ್ಟ್‌ವೇರ್ ಅದಕ್ಕೆ ಒಗ್ಗುವುದಿಲ್ಲ, ಆದ್ದರಿಂದ ಆ ಆಟಗಳೂ ಓಡುವುದಿಲ್ಲ. ಮಗನ ದೋಸ್ತರು ಫೋರ್ಟ್‌ನೈಟ್ ಆಡುವವರಾದರೆ ಸ್ಟೀಮ್ ಡೆಕ್ ತಂದ ದಿನವೇ ಅಳು.

ಸ್ಟೀಮ್ ಮಶಿನ್‌ಗೆ ಕಾಯಬೇಕಾ? ಬೇಡ. ವಾಲ್ವ್ ಅದನ್ನು 2025ರ ನವೆಂಬರ್ 12ರಂದು ಘೋಷಿಸಿತು. ಸುಮಾರು ಆರು ಇಂಚಿನ ಕಪ್ಪು ಚೌಕ ಪೆಟ್ಟಿಗೆ. ಸ್ಟೀಮ್ ಡೆಕ್‌ಗಿಂತ ಆರು ಪಟ್ಟು ಶಕ್ತಿ ಅಂತ ಅವರದೇ ಮಾತು. ಆದರೆ ಘೋಷಿಸಿದ ದಿನ ಬೆಲೆ ಹೇಳಲಿಲ್ಲ. ಆ ಹೊತ್ತಿಗೇ ಮೆಮೊರಿ ಚಿಪ್‌ಗಳ ಬೆಲೆ ಏರಲು ಶುರುವಾಗಿತ್ತು, ಎಐ ಡೇಟಾ ಸೆಂಟರ್‌ಗಳು ಎಲ್ಲವನ್ನೂ ಬಾಚಿಕೊಳ್ಳುತ್ತಿವೆ. ಇಂಥ ಹೊತ್ತಲ್ಲಿ ಬರಲಿರುವ ಯಂತ್ರದ ಬೆಲೆ ಇಳಿಯುತ್ತದೆ ಅಂತ ಯಾರೂ ಕಾಯಬಾರದು. ಅದೂ ಅಲ್ಲದೆ ಅದು ಟಿವಿಗೆ ಹಾಕುವ ಪೆಟ್ಟಿಗೆ. ನಿಮ್ಮ ಮನೆಯ ತಕರಾರು ಇರುವುದೇ ಟಿವಿಯಲ್ಲಿ.

ಈಗ ಪಿಎಸ್5. ನಿಮ್ಮ ಲೆಕ್ಕಕ್ಕೆ ಹತ್ತಿರ ಬರುವವುಗಳಲ್ಲಿ ವಾರಂಟಿ, ಬಿಲ್, ಸರ್ವಿಸ್ ಎಲ್ಲ ಸರಿಯಾಗಿ ನಮ್ಮ ದೇಶದಲ್ಲೇ ಸಿಗುವುದು ಇದಕ್ಕೆ. ಸ್ಲಿಮ್ ಮಾಡೆಲ್ 2024ರ ಏಪ್ರಿಲ್‌ನಲ್ಲಿ ಬಂದಾಗ ಡಿಸ್ಕ್ ಇರುವುದಕ್ಕೆ 54,990, ಡಿಸ್ಕ್ ಇಲ್ಲದ ಡಿಜಿಟಲ್‌ಗೆ 44,990 ಇತ್ತು. ಈಗಿನ ಬೆಲೆ ಅಂಗಡಿಯಲ್ಲಿ ಕೇಳಿ. ಹತ್ತು ಸಾವಿರ ಉಳಿಯುತ್ತೆ ಅಂತ ಡಿಜಿಟಲ್ ತರುವವರಿಗೆ ನಾನು ಒಂದೇ ಮಾತು ಹೇಳುವುದು. ಮುಂಬೈಯಲ್ಲಿ ಹಳೆ ಡಿಸ್ಕ್‌ಗಳ ಕೊಡುಕೊಳ್ಳುವಿಕೆ ಜೋರಾಗಿದೆ. ಗ್ರಾಂಟ್ ರೋಡ್ ಸ್ಟೇಷನ್‌ನಿಂದ ಇಳಿದು ಲ್ಯಾಮಿಂಗ್ಟನ್ ರೋಡ್‌ಗೆ ಹೋಗಿ ನೋಡಿ, ಆಡಿ ಮುಗಿಸಿದ ಡಿಸ್ಕ್ ಕೊಟ್ಟು ಮೇಲಿಷ್ಟು ದುಡ್ಡು ಹಾಕಿ ಇನ್ನೊಂದು ತರಬಹುದು. ಡಿಜಿಟಲ್ ಕೊಂಡವರಿಗೆ ಆ ದಾರಿ ಮುಚ್ಚಿದೆ. ಹೊಸ ಆಟ ಒಂದೊಂದೂ ನಾಲ್ಕೈದು ಸಾವಿರ ಆಗುವ ಕಾಲ. ಹತ್ತು ಸಾವಿರದ ಉಳಿತಾಯ ನಾಲ್ಕು ಆಟದಲ್ಲಿ ಕರಗಿಹೋಗುತ್ತದೆ.

(ಪಿಎಸ್5 ಪ್ರೋ ಬಗ್ಗೆ ಮಗ ಕೇಳಿದರೆ: 2024ರ ನವೆಂಬರ್‌ನಲ್ಲಿ ಬೇರೆ ದೇಶಗಳಲ್ಲಿ ಬಂದಾಗ ಸೋನಿ ಅದನ್ನು ಭಾರತಕ್ಕೆ ತರಲಿಲ್ಲ. ಅದರ ಹೊಸ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಕ್ಕೆ ಇಲ್ಲಿ ಅನುಮತಿ ಇರಲಿಲ್ಲ ಅನ್ನೋದು ಅವರು ಕೊಟ್ಟ ಕಾರಣ. ಆ ಬೆಲೆಗೆ ನಿಮಗೆ ಅದು ಬೇಡವೂ ಬೇಡ.)

ಟಿವಿ ಸಮಸ್ಯೆಗೆ ಸೋನಿಯ ಬಳಿ ಒಂದು ಉತ್ತರ ಇದೆ, ಪ್ಲೇಸ್ಟೇಷನ್ ಪೋರ್ಟಲ್. ಇದನ್ನು ಕಂಡು ಎಷ್ಟೋ ಜನ "ಕೈಯಲ್ಲಿ ಹಿಡಿಯುವ ಪಿಎಸ್5" ಅಂತ ತಿಳಿದು ಮೋಸ ಹೋಗಿದ್ದಾರೆ. ಮೋಸ ಅಂದರೆ ಯಾರೂ ಸುಳ್ಳು ಹೇಳಿಲ್ಲ, ಇವರೇ ಓದಿಲ್ಲ. ಪೋರ್ಟಲ್ ಅನ್ನೋದು ಬರೀ ಪರದೆ. ಎಂಟು ಇಂಚಿನ ಪರದೆಯ ಎರಡು ಪಕ್ಕ ಕಂಟ್ರೋಲರ್‌ನ ಅರ್ಧರ್ಧ ಅಂಟಿಸಿದ್ದಾರೆ. ಆಟ ಓಡುವುದು ಕಪಾಟಿನಲ್ಲಿರುವ ಪಿಎಸ್5 ಒಳಗೆ. ಅಲ್ಲಿಂದ ಚಿತ್ರ ವೈಫೈ ಮೂಲಕ ಪೋರ್ಟಲ್‌ಗೆ ಬರುತ್ತದೆ. ಒನ್ ಬಿಎಚ್‌ಕೆ ಮನೆಯಲ್ಲಿ ರೂಟರ್ ಹತ್ತಿರವೇ ಇರುವುದರಿಂದ ಇದು ಸೊಗಸಾಗಿ ನಡೆಯುತ್ತದೆ. ಅತ್ತೆ ಹಾಲ್‌ನಲ್ಲಿ ಧಾರಾವಾಹಿ ನೋಡಲಿ, ಮಗ ಒಳಗೆ ಕೂತು ಆಡಲಿ, ಟಿವಿ ಬೇಕಾಗಿಯೇ ಇಲ್ಲ. ಆದರೆ ಇಲ್ಲಿ ಬಂದಾಗ ಅದಕ್ಕೆ 18,990 ಇತ್ತು. ಕನ್ಸೋಲ್ ಜೊತೆ ಸೇರಿದರೆ 74 ಸಾವಿರ. ಅದೇ ಕೆಲಸವನ್ನು ಮೊಬೈಲ್‌ನಲ್ಲಿ ರಿಮೋಟ್ ಪ್ಲೇ ಆಪ್ ಹಾಕಿ ಪುಕ್ಕಟೆ ಮಾಡಬಹುದು, ಪರದೆ ಚಿಕ್ಕದು ಅಷ್ಟೇ.

ಮತ್ಸ್ಯಗಂಧದಲ್ಲಿ ಮಾತ್ರ ಪೋರ್ಟಲ್ ಸುಮ್ನೆ ಒಂದು ತೂಕ. ಪನ್ವೇಲ್ ದಾಟಿ ಕೊಂಕಣ ರೈಲ್ವೆಗೆ ಬಿದ್ದ ಮೇಲೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ತೊಂಬತ್ತಕ್ಕೂ ಹೆಚ್ಚು ಸುರಂಗ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗ ಒಂದೇ ಆರೂವರೆ ಕಿಲೋಮೀಟರ್. ಊರಿಗೆ "ಹೊರಟೆವು" ಅಂತ ಫೋನ್ ಮಾಡಿದರೂ ಅರ್ಧಕ್ಕೇ ಕಡಿದುಹೋಗುವ ಜಾಗ ಅದು. ಅಲ್ಲಿ ಇಂಟರ್ನೆಟ್‌ನಿಂದ ಚಿತ್ರ ತರಿಸಿಕೊಳ್ಳುವ ಯಾವ ಸಾಧನವೂ ನಡೆಯುವುದಿಲ್ಲ. ಪೋರ್ಟಲ್ ಆಗಲಿ, ಎಕ್ಸ್‌ಬಾಕ್ಸ್‌ನ ಕ್ಲೌಡ್ ಆಗಲಿ. ಆಟ ಸಾಧನದ ಹೊಟ್ಟೆಯೊಳಗೇ ಇರಬೇಕು.

ಅಲ್ಲಿಗೆ ಉಳಿದದ್ದು ನಿಂಟೆಂಡೊ ಸ್ವಿಚ್ 2. ನಿಮ್ಮ ಮನೆಗೆ ನನ್ನ ಓಟು ಇದಕ್ಕೇ. ಆದರೆ ಕಣ್ಣು ಮುಚ್ಚಿ ತರಬೇಡಿ, ಇದರಲ್ಲೂ ಹುಳುಕು ಇದೆ. ಒಂದೊಂದಾಗಿ ಹೇಳ್ತೇನೆ.

ಇದು 2025ರ ಜೂನ್ 5ರಂದು ಬಂತು. ಮೊದಲ ನಾಲ್ಕು ದಿನದಲ್ಲೇ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು ಅಂತ ನಿಂಟೆಂಡೊ ಹೇಳಿತು. ಬಂದಾಗ ಅಮೆರಿಕದ ಬೆಲೆ 449.99 ಡಾಲರ್, ನಮ್ಮ ಲೆಕ್ಕಕ್ಕೆ 40 ಸಾವಿರದ ಆಸುಪಾಸು. 7.9 ಇಂಚಿನ ಪರದೆ. ಡಾಕ್ ಅನ್ನುವ ಸಣ್ಣ ಗೂಡಿನಲ್ಲಿ ಕೂರಿಸಿದರೆ ಟಿವಿಯಲ್ಲಿ ಆಟ, ಎತ್ತಿಕೊಂಡರೆ ಕೈಯಲ್ಲಿ ಆಟ. 7 ಗಂಟೆಗೆ ಅತ್ತೆ ಬಂದು ರಿಮೋಟ್ ತಗೊಂಡರೆ ಮಗ ಗೂಡಿನಿಂದ ಎತ್ತಿಕೊಂಡು ಒಳಗೆ ಹೋಗುತ್ತಾನೆ. ಆಟ ನಿಂತ ಕಡೆಯಿಂದಲೇ ಮುಂದುವರಿಯುತ್ತದೆ.

ನೀವು ಪತ್ರದಲ್ಲಿ ಮಗಳ ಬಗ್ಗೆ ಒಂದೇ ಪದ ಬರೆದಿದ್ದೀರಿ. ನನ್ನ ಲೆಕ್ಕದಲ್ಲಿ ಅವಳೇ ಮುಖ್ಯ. ಅಣ್ಣನ ಕೈಗೆ 70 ಸಾವಿರದ ಕಂಪ್ಯೂಟರ್ ಕೊಟ್ಟರೆ ತಂಗಿಗೆ ಅದನ್ನು ಮುಟ್ಟಲೂ ಬಿಡುವುದಿಲ್ಲ ಅವನು. ಸ್ವಿಚ್‌ನ ಎರಡು ಪಕ್ಕದ ಹಿಡಿಕೆಗಳು, ಜಾಯ್‌ಕಾನ್ ಅಂತ ಹೆಸರು, ಕಳಚಿ ಬರುತ್ತವೆ. ಹಿಂದಿನ ಸ್ಟ್ಯಾಂಡ್ ತೆರೆದು ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಒಂದು ಅಣ್ಣನಿಗೆ ಒಂದು ತಂಗಿಗೆ ಕೊಟ್ಟರೆ ಇಬ್ಬರೂ ಕೂತು ರೇಸ್ ಆಡಬಹುದು. ಬೇರೆ ಕಂಟ್ರೋಲರ್ ಕೊಳ್ಳಬೇಕಾಗಿಲ್ಲ. ತೂಕ ಹಿಡಿಕೆ ಸೇರಿ ಅರ್ಧ ಕಿಲೋಗೆ ಸ್ವಲ್ಪ ಮೇಲೆ. ನಾಲ್ಕನೇ ಕ್ಲಾಸಿನ ಮಗುವಿನ ಕೈಗೆ ಭಾರವಲ್ಲ.

"ಅದರ ಪವರ್ ಕಡಿಮೆ ಅಂತೆ" ಅಂತ ಮಗ ಅನ್ನಬಹುದು. ಪಿಎಸ್5 ಪಕ್ಕ ಇಟ್ಟರೆ ಕಡಿಮೆಯೇ, ಒಪ್ಪೋಣ. ಆದರೆ ಅದರ ಎನ್ವಿಡಿಯಾ ಚಿಪ್‌ನಲ್ಲಿ ಡಿಎಲ್‌ಎಸ್‌ಎಸ್ ಅನ್ನುವ ಒಂದು ಜಾಣತನ ಇದೆ. ಚುಕ್ಕಿ ರಂಗೋಲಿ ಹಾಕುವವರು ಎಲ್ಲ ಗೆರೆಯನ್ನೂ ಅಳೆದು ಹಾಕುತ್ತಾರಾ? ಚುಕ್ಕಿ ಇಟ್ಟರೆ ಕೈ ತಾನೇ ಗೆರೆ ಎಳೆಯುತ್ತದೆ. ಹಾಗೆಯೇ ಈ ಚಿಪ್ ಸಣ್ಣ ಚಿತ್ರ ಬರೆದು, ನಡುವಿನ ಜಾಗದಲ್ಲಿ ಏನಿರಬೇಕು ಅಂತ ಕಲಿತ ಅಂದಾಜಿನಿಂದ ತುಂಬಿ ದೊಡ್ಡ ಚಿತ್ರ ಮಾಡುತ್ತದೆ. ಕಡಿಮೆ ಕೆಲಸ, ಕಡಿಮೆ ಬಿಸಿ. ಎಂಟು ಇಂಚಿನ ಪರದೆಯಲ್ಲಿ ವ್ಯತ್ಯಾಸ ಕಂಡುಹಿಡಿಯುವುದು ಕಷ್ಟ. ದೊಡ್ಡ ಟಿವಿಯಲ್ಲಿ ಹುಡುಕಿದರೆ ಕಾಣುತ್ತದೆ.

ಬ್ಯಾಟರಿ 2ರಿಂದ 6.5 ಗಂಟೆ ಅಂತ ಕಂಪನಿಯೇ ಹೇಳಿದೆ. ಭಾರದ ಹೊಸ ಆಟಕ್ಕೆ ಎರಡು ಗಂಟೆಯ ಕಡೆಗೇ ನಿಲ್ಲುತ್ತದೆ, ಹಳೆಯ ಸಾದಾ ಆಟಕ್ಕೆ ಜಾಸ್ತಿ. ಆದರೆ ಬ್ಯಾಟರಿ ಚಿಕ್ಕದು, 5220 ಎಂಎಎಚ್. ಚಿಕ್ಕದಾಗಿರುವುದು ರೈಲಿನಲ್ಲಿ ಒಳ್ಳೆಯದೇ ಆಯಿತು. 20,000 ಎಂಎಎಚ್‌ನ ಪವರ್ ಬ್ಯಾಂಕ್ ಒಯ್ದರೆ ಎರಡು ಸಲ ಧಾರಾಳವಾಗಿ ತುಂಬಿಸಬಹುದು. ಅದೇ ಪವರ್ ಬ್ಯಾಂಕ್ ಅಲೈಯನ್ನು ಒಂದು ಸಲ ತುಂಬಿಸುವಷ್ಟರಲ್ಲೇ ಸುಸ್ತು. ಪವರ್ ಬ್ಯಾಂಕ್ ಪಿಡಿ (ಪವರ್ ಡೆಲಿವರಿ, ಅಂದರೆ ವೇಗದ ಚಾರ್ಜಿಂಗ್) ಇರುವ ಟೈಪ್ ಸಿ ಆಗಿರಲಿ.

ಈಗ ಹುಳುಕು.

ಮೊದಲನೆಯದು, ನಿಂಟೆಂಡೊ ನಮ್ಮ ದೇಶದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಇಲ್ಲಿನ ಅಂಗಡಿಯಲ್ಲಿ ಕಾಣುವುದೆಲ್ಲ ಹೊರಗಿನಿಂದ ತಂದದ್ದು. ಅಂಗಡಿಯವರು ಕೊಡುವ "ವಾರಂಟಿ" ಅವರ ಸ್ವಂತ ಮಾತು, ಕಂಪನಿಯದಲ್ಲ. ಬೆಲೆಯೂ ಅವರ ಇಷ್ಟ. ಆದ್ದರಿಂದ ದುಬೈ ಹುಡುಗ ತರುವುದೇ ವಾಸಿ. ತರುವಾಗ ಅವನಿಗೆ ಹೇಳಬೇಕಾದದ್ದು ಇಷ್ಟು. ಪೆಟ್ಟಿಗೆಯ ಮೇಲೆ ಜಪಾನ್ ಭಾಷೆಯ ಮಾಡೆಲ್ ಅಂತ ಇದ್ದರೆ ಬೇಡ. ಜಪಾನ್‌ನಲ್ಲಿ ಅದನ್ನು 2025ರಲ್ಲಿ ಬಂದಾಗ 49,980 ಯೆನ್‌ಗೆ, ಅಂದರೆ ತುಂಬ ಅಗ್ಗಕ್ಕೆ ಮಾರಿದರು. ಕಾರಣ, ಅದರಲ್ಲಿ ಜಪಾನೀಸ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ಜಪಾನ್ ದೇಶ ಅಂತ ಹಾಕಿದ ಖಾತೆ ಮಾತ್ರ ಜೋಡಿಸಬಹುದು. "ಕಡಿಮೆಗೆ ಕೊಡ್ತೇನೆ" ಅಂತ ಯಾರಾದರೂ ಅಂದರೆ ಮೊದಲು ಇದನ್ನೇ ನೋಡಬೇಕು. ಬಹುಭಾಷೆಯದ್ದೇ ತರಲಿ. ಬಿಲ್ ಜೊತೆಗಿರಲಿ. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ತರಬಹುದಾದ ಸಾಮಾನಿಗೆ ಒಂದು ಮಿತಿ ಇದೆ. ಅವನು ಮನೆಯವರಿಗೆಲ್ಲ ಬೇರೆ ಬೇರೆ ಸಾಮಾನು ತರುವವನಾದರೆ ಒಟ್ಟು ಎಷ್ಟಾಯಿತು ಅಂತ ಮೊದಲೇ ಕೂಡಿಸಿಕೊಳ್ಳಲಿ. ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಾಳುತ್ತದೆ, ಭಯವಿಲ್ಲ. ದುಬೈಯ ಪಿನ್ ಚಪ್ಪಟೆ ಮೂರು ಕಡ್ಡಿಯದು, ನಮ್ಮ ಸಾಕೆಟ್‌ಗೆ ಕೂರುವುದಿಲ್ಲ. ಒಂದು ಒಳ್ಳೆ ಕನ್ವರ್ಟರ್ ಪಿನ್ ತಗೊಳ್ಳಿ. ಡಾಕ್‌ಗೆ ಮಾತ್ರ ಜೊತೆಯಲ್ಲಿ ಬಂದ ಅಡಾಪ್ಟರನ್ನೇ ಬಳಸಿ, ಮೊಬೈಲ್ ಚಾರ್ಜರ್ ಹಾಕಿದರೆ ಟಿವಿಯಲ್ಲಿ ಚಿತ್ರ ಬರದೇ ಇರಬಹುದು.

ಎರಡನೆಯದು ಆಟದ ಬೆಲೆ. ಇದು ನಿಜವಾಗಿ ನೋಯುವ ಜಾಗ. ಮಾರಿಯೊ ಕಾರ್ಟ್ ವರ್ಲ್ಡ್ ಒಂದೇ 80 ಡಾಲರ್, ಏಳು ಸಾವಿರದ ಹತ್ತಿರ. ನಿಂಟೆಂಡೊ ತನ್ನ ಆಟಗಳ ಬೆಲೆ ಬೇಗ ಇಳಿಸುವ ಕಂಪನಿಯೂ ಅಲ್ಲ. ಮಾರಿಯೊ ಕಾರ್ಟ್ ಜೊತೆಗೇ ಬರುವ ಕಟ್ಟು ಅಮೆರಿಕದಲ್ಲಿ 499.99 ಡಾಲರ್‌ಗೆ ಇತ್ತು. ಅಂಥದ್ದು ದುಬೈಯಲ್ಲಿ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಇಬ್ಬರೂ ಸೇರಿ ಆಡುವ ಆಟ ಅದು. ಉಳಿದದ್ದಕ್ಕೆ ಒಂದು ದಾರಿ ಇದೆ. ಹಳೆಯ ಸ್ವಿಚ್‌ನ ಬಹುಪಾಲು ಆಟಗಳು ಇದರಲ್ಲೂ ಓಡುತ್ತವೆ. 2017ರಿಂದ ಬಂದ ಆಟಗಳ ರಾಶಿಯೇ ಇದೆ, ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಮುಂಬೈಯಲ್ಲಿ ಸಿಗುತ್ತದೆ. ಮಕ್ಕಳಿಗೆ ಆಟ ಹೊಸದಾದರೆ ಸಾಕು, ಬಂದ ವರ್ಷ ಯಾರಿಗೆ ಬೇಕು.

ಕಾರ್ಟ್ರಿಜ್ ಕೊಳ್ಳುವಾಗ ಡಬ್ಬದ ಮುಂದೆ ಗೇಮ್ ಕೀ ಕಾರ್ಡ್ ಅಂತ ಇದೆಯಾ ನೋಡಿ. ಹಾಗಿದ್ದರೆ ಆ ಕಾರ್ಡ್‌ನೊಳಗೆ ಆಟ ಇಲ್ಲ, ಬೀಗದ ಕೈ ಮಾತ್ರ ಇದೆ. ಆಟವನ್ನು ಇಂಟರ್ನೆಟ್‌ನಿಂದ ಪೂರ್ತಿ ಇಳಿಸಿಕೊಳ್ಳಬೇಕು, ಆಡುವಾಗಲೂ ಕಾರ್ಡ್ ಹಾಕಿರಬೇಕು. ಮಾರಲು ಆಗುತ್ತದೆ, ಆ ಮಟ್ಟಿಗೆ ಪರವಾಗಿಲ್ಲ. ಆದರೆ ಉಡುಪಿಯ ಮನೆಯಲ್ಲಿ ವೈಫೈ ಇಲ್ಲ ಅಂದರೆ ಅಲ್ಲಿ ಹೋಗಿ ಡಬ್ಬ ಒಡೆದು ಪ್ರಯೋಜನವಿಲ್ಲ. ಡೊಂಬಿವಲಿಯಲ್ಲೇ ಹಿಂದಿನ ರಾತ್ರಿ ಇಳಿಸಿಕೊಂಡು ಹೊರಡಬೇಕು.

ಮೂರನೆಯದು ಮೆಮೊರಿ ಕಾರ್ಡ್. ಒಳಗೆ 256 ಜಿಬಿ ಇದೆ, ಮೊದಲ ವರ್ಷಕ್ಕೆ ಸಾಕು. ಮುಂದೆ ಬೇಕಾದರೆ ಸಾಮಾನ್ಯ ಮೈಕ್ರೋ ಎಸ್‌ಡಿ ಆಗುವುದಿಲ್ಲ, ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಅಂತಲೇ ಬರೆದಿರುವುದು ಬೇಕು. ಹಳೆ ಮೊಬೈಲ್‌ನ ಕಾರ್ಡ್ ತುರುಕಿದರೆ ಆಟ ಅದರಲ್ಲಿ ಕೂರುವುದಿಲ್ಲ. ಕಾರ್ಡ್ ವಿಷಯದಲ್ಲಿ ನಾನೇ ಒಮ್ಮೆ ಪೆಟ್ಟು ತಿಂದವನು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ, ಗಡಿಬಿಡಿಯಲ್ಲಿ ಒಂದು ಅಂಗಡಿಯಿಂದ 512 ಜಿಬಿ ಅಂತ ಬರೆದ ಕಾರ್ಡ್ ಅರ್ಧ ಬೆಲೆಗೆ ತಂದೆ. ಗಿರಾಕಿಯ ಆಟಗಳನ್ನೆಲ್ಲ ಅದಕ್ಕೆ ಹಾಕಿ ಕೊಟ್ಟೆ. ಎರಡು ದಿನಕ್ಕೆ ಅವರು ವಾಪಸ್. ಪರೀಕ್ಷೆ ಮಾಡಿದರೆ ಒಳಗೆ ಇದ್ದದ್ದು 32 ಜಿಬಿ. ಮೇಲೆ ಥಳಕು, ಒಳಗೆ ಹುಳುಕು. ಹೊಸ ಕಾರ್ಡ್‌ನ ದುಡ್ಡು ನನ್ನ ಜೇಬಿನಿಂದ ಹೋಯಿತು, ಮುಖ ಹೋದದ್ದು ಬೇರೆ. ಈಗ ಯಾವ ಕಾರ್ಡ್ ಬಂದರೂ ಮೊದಲು ಕಂಪ್ಯೂಟರ್‌ಗೆ ಹಾಕಿ ಪೂರ್ತಿ ತುಂಬಿಸಿ, ಮತ್ತೆ ಓದಿಸಿ ನೋಡಿಯೇ ಕೊಡುವುದು.

ನಾಲ್ಕನೆಯದು ರಿಪೇರಿ. ಸ್ವಿಚ್ 2 ಬಿಚ್ಚುವುದು ಸುಲಭವಲ್ಲ, ಬ್ಯಾಟರಿಯನ್ನು ಗಟ್ಟಿ ಅಂಟಿನಲ್ಲಿ ಕೂರಿಸಿದ್ದಾರೆ. ಬಿಚ್ಚಿ ನೋಡುವ ಐಫಿಕ್ಸಿಟ್‌ನವರು ಹತ್ತಕ್ಕೆ ಮೂರು ಅಂಕ ಕೊಟ್ಟರು. ಹಿಡಿಕೆಯ ಸ್ಟಿಕ್‌ನಲ್ಲೂ ಅಯಸ್ಕಾಂತದ ತಂತ್ರ ಇಲ್ಲ, ಹಳೆಯ ಉಜ್ಜುವ ತಂತ್ರವೇ. ಕಾಲಕ್ರಮೇಣ ಕೈ ಮುಟ್ಟದಿದ್ದರೂ ಆಟದೊಳಗಿನ ಬೊಂಬೆ ತಾನೇ ನಡೆಯಲು ಶುರುವಾಗಬಹುದು. ಆದರೆ ಸ್ಟಿಕ್ ಬದಲಾಯಿಸುವುದು ದೊಡ್ಡ ಕೆಲಸವಲ್ಲ, ಮುಂಬೈಯಲ್ಲಿ ಮಾಡುವವರು ಇದ್ದಾರೆ. ನಮ್ಮೂರಿನ ನಿಜವಾದ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಪಕ್ಕ ಇಟ್ಟ ಯಾವ ಯಂತ್ರವೂ, ಯಾರದ್ದೇ ಆಗಲಿ, ಪೋರ್ಟ್‌ನಲ್ಲಿ ಹಸಿರು ಹಿಡಿದು ನನ್ನ ಬೆಂಚಿಗೆ ಬರುತ್ತದೆ. ಜಿಪ್ ಇರುವ ಗಟ್ಟಿ ಕೇಸ್‌ನಲ್ಲಿ ಇಡಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಒಂದು ವಿಷಯ ಮಗನ ಜೊತೆ ಮೊದಲೇ ಮಾತಾಡಿಕೊಳ್ಳಿ. ಅವನ ಪಿಎಸ್5 ಹಟದ ಹಿಂದೆ ಜಿಟಿಎ 6 ಅನ್ನುವ ಆಟ ಇದ್ದರೂ ಇರಬಹುದು. ಅದನ್ನು 2026ರ ನವೆಂಬರ್ 19ಕ್ಕೆ ಅಂತ ಹೇಳಿದ್ದಾರೆ, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಸ್ವಿಚ್ 2ಕ್ಕೆ ಘೋಷಿಸಿಲ್ಲ, ಪಿಸಿಗೂ ಘೋಷಿಸಿಲ್ಲ. ಅಂದರೆ ಆ ದುಬಾರಿ ಅಲೈ ತಂದರೂ ಅದು ಅದರೊಳಗೆ ಓಡುವುದಿಲ್ಲ. ಅದೂ ಅಲ್ಲದೆ ಆ ಸರಣಿ ದೊಡ್ಡವರಿಗೆ ಮಾಡಿದ್ದು. ಒಂಬತ್ತನೇ ಕ್ಲಾಸಿಗೆ ಬೇಡ ಅಂತ ನಾನಂತೂ ಹೇಳ್ತೇನೆ, ಆದರೆ ಅದು ನಿಮ್ಮ ಮನೆಯ ತೀರ್ಮಾನ. ಅವನ ಕೈಗೆ ಒಂದು ಕಾಗದ ಕೊಟ್ಟು ಆಡಬೇಕೆಂದಿರುವ ಐದು ಆಟ ಬರೆಯಲು ಹೇಳಿ. ಐದರಲ್ಲಿ ಮೂರು ಸ್ವಿಚ್ 2ರಲ್ಲಿ ಇದ್ದರೆ ಮುಂದೆ ಹೋಗಿ. ಫೋರ್ಟ್‌ನೈಟ್ ಇದೆ, ಪುಕ್ಕಟೆ. ಫುಟ್‌ಬಾಲ್‌ನ ಎಫ್‌ಸಿ 26 ಇದೆ. ಐದಕ್ಕೆ ಐದೂ ಪಿಎಸ್5ನದೇ ಬರೆದರೆ ದುಬೈ ಹುಡುಗನಿಗೆ ಚಾಕೊಲೇಟ್ ತರಲು ಹೇಳಿ. ಇಲ್ಲೇ ಡಿಸ್ಕ್ ಇರುವ ಪಿಎಸ್5 ಬಿಲ್ ಸಮೇತ ಕೊಳ್ಳಿ, 10 ಗಂಟೆಯವರೆಗೆ ಮೊಬೈಲ್‌ನ ರಿಮೋಟ್ ಪ್ಲೇಯಲ್ಲಿ ಆಡಲಿ. ರೈಲಿನಲ್ಲಿ ಇಸ್ಪೀಟು.

ಸ್ವಿಚ್ ತಂದರೆ ನಿಮ್ಮ ಫೋನ್‌ಗೆ ನಿಂಟೆಂಡೊದ ಪೇರೆಂಟಲ್ ಕಂಟ್ರೋಲ್ಸ್ ಆಪ್ ಹಾಕಿಕೊಳ್ಳಿ. ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟಕ್ಕೆ ನಿಲ್ಲಬೇಕು ಅಂತ ಅಲ್ಲಿಂದಲೇ ಇಡಬಹುದು, ಯಾರು ಏನು ಆಡಿದರು ಅಂತಲೂ ಕಾಣುತ್ತದೆ. ಮಕ್ಕಳಿಬ್ಬರಿಗೂ ಬೇರೆ ಬೇರೆ ಹೆಸರು ಮಾಡಿಕೊಡಿ, ಇಲ್ಲವಾದರೆ ಅಣ್ಣ ಅರ್ಧ ಆಡಿಟ್ಟ ಆಟವನ್ನು ತಂಗಿ ಅಳಿಸಿದಳು ಅಂತ ರಾತ್ರಿ ಪಂಚಾಯಿತಿ.

ಮತ್ತೆ, ಪೆಟ್ಟಿಗೆ ಒಡೆದ ದಿನ ಪಕ್ಕದಲ್ಲಿ ಕೂತಿರಿ. ಸ್ವಿಚ್ 2ರ ಪರದೆಯ ಮೇಲೆ ಒಂದು ತೆಳು ಹಾಳೆ ಅಂಟಿರುತ್ತದೆ. ಹೊಸ ಮೊಬೈಲ್‌ನ ಪ್ಲಾಸ್ಟಿಕ್ ಥರವೇ ಕಾಣುತ್ತದೆ, ಮಕ್ಕಳ ಉಗುರು ಮೊದಲು ಹೋಗುವುದೇ ಅಲ್ಲಿಗೆ. ಅದನ್ನು ಕೀಳಬಾರದು. ಗಾಜು ಒಡೆದರೆ ಚೂರು ಹಾರದಂತೆ ಕಂಪನಿಯೇ ಅಂಟಿಸಿದ್ದು ಅದು. ಬೇಕಾದರೆ ಅದರ ಮೇಲೆ ಇನ್ನೊಂದು ಸ್ಕ್ರೀನ್ ಗಾರ್ಡ್ ಹಾಕಿಸಿ.